ಒಂಬತ್ತು ಲೀಟರಿನ ಕೆಂಪಿ

ಚಿಮ್ಮನಚೋಡದ ನಾಗೇಂದ್ರಪ್ಪನ ಮನೆಯಲ್ಲಿ ಆ ದಿನ ಎದ್ದ ರಾದ್ಧಾಂತಕ್ಕೆಲ್ಲ ಕಾರಣ ಹನ್ನೊಂದು ಜೋಳದ ರೊಟ್ಟಿ. ಹೆಂಡತಿ ಉಮಾದೇವಿ ಬಡಿದು ಬೇಯಿಸಿ, ಆರಲೆಂದು ಕಿಟಕಿಯ ಬಳಿ ಇಟ್ಟು, ಒಂದು ಕೊಡ ನೀರು ತರುವಷ್ಟರಲ್ಲಿ ಬುಟ್ಟಿ ಖಾಲಿ! ಕೊಟ್ಟಿಗೆಯಲ್ಲಿ ನಾಲ್ಕು ಆಕಳು, ಮೇಲೆ ಹೊಸ ಕರುಗಳು. ಜಾಗ ಸಾಲದೆ ಯಾವುದೋ ಒಂದು ಅಡುಗೆಮನೆಗೇ ಮೂತಿ ತೂರಿಸಿತ್ತು.

“ಸಂಜೀಕ ಒಂದು ಆಕಳ ಈ ಮನಿ ಬಿಡಬೇಕ್ರಿ. ಇಲ್ಲಾಂದ್ರ ನಾನೇ ಬಿಡ್ತೀನಿ,” ಎಂದಳು ಉಮಾದೇವಿ.

ದನದ ವ್ಯಾಪಾರಿ ತೌಹೀದನಿಗೆ ಫೋನು ಹೋಯಿತು. ಆದರೆ ಮಾರುವುದು ಯಾವುದನ್ನು? ಆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಆಕಳನ್ನು ಹಿಂಡುವ ಪದ್ಧತಿ. ಬೇರೆ ಕೈ ಬಿದ್ದರೆ ಅದು ಹಾಲು ಇಳಿಸದು. ಗೌರಿ ಅವನ ತಾಯಿ ಭಾಗಮ್ಮನದು, ಕಪಿಲೆ ಹೆಂಡತಿಯದು, ಬೆಳ್ಳಿ ತಮ್ಮ ಚನ್ನುವಿನದು. ಕೆಂಪಿ ನಾಗೇಂದ್ರಪ್ಪನದು. ಕರುವಾಗಿದ್ದಾಗಲೇ ತಾಯಿ ಸತ್ತ ಅದನ್ನು ಬಾಟಲಿ ಹಾಲು ಕುಡಿಸಿ ಬೆಳೆಸಿದವನು ಅವನೇ. ಅದು ಹೋದರೆ ತಾನು ಬದುಕಿಯೂ ಸತ್ತಂತೆ ಎಂದು ಅವನು ನಂಬಿದ್ದ.

ನಾಲ್ವರೂ ಕಿತ್ತಾಡುವುದನ್ನು ಕೇಳಿ ಪಕ್ಕದ ಮನೆಯ ಸುಂದರಬಾಯಿ ಗೋಡೆಯ ಮೇಲಿಂದ ಇಣುಕಿದಳು. “ಜಗಳ ಯಾಕ? ಸಂಜೀ ಹಾಲ ಅಳೀರಿ. ಯಾವುದು ಕಡಿಮಿ ಕೊಡ್ತದ, ಅದು ಹೋಗ್ಲಿ. ಅಳಿಯಾಕ ನಾ ಬರ್ತೀನಿ.”

ಎಲ್ಲರಿಗಿಂತ ಹಿಗ್ಗಿದವನು ನಾಗೇಂದ್ರಪ್ಪ. ಹಾಲಿನಲ್ಲಿ ಕೆಂಪಿಯನ್ನು ಮೀರಿಸಿದ ಆಕಳು ಓಣಿಯಲ್ಲೇ ಇರಲಿಲ್ಲ. ಖುಷಿಯಿಂದ ಮೈ ತಡವಲು ಹೋದರೆ, ಕೆಂಪಿಯ ಹೊಟ್ಟೆ ಡೊಳ್ಳಿನಂತೆ ಉಬ್ಬಿದೆ! ಮೂತಿಗೆ ರೊಟ್ಟಿಯ ಚೂರು ಅಂಟಿದೆ. ಮೇವು ಮೂಸಿಯೂ ನೋಡಲೊಲ್ಲದು. ಇಂಥ ಹೊಟ್ಟೆಯಲ್ಲಿ ಹಾಲು ಇಳಿದೀತೇ?

ಅಜವಾನ ತಿನ್ನಿಸಿದ, ಬೆಲ್ಲ ತಿನ್ನಿಸಿದ, ಊರ ಸುತ್ತ ಮೂರು ಸಲ ಓಡಾಡಿಸಿದ. ದಾರಿಯಲ್ಲಿ ಸಿಕ್ಕವರೆಲ್ಲ ಒಂದೊಂದು ಮದ್ದು ಹೇಳಿದರು, ಯಾವುದೂ ನಾಟಲಿಲ್ಲ. ಕಡೆಗೆ ಬೈಕ್ ಹತ್ತಿ ಬಸ್‌ಸ್ಟ್ಯಾಂಡಿನ ಅಂಗಡಿಗೆ ಹೋಗಿ, ಆಚೀಚೆ ನೋಡಿ, ಅರ್ಧರ್ಧ ಲೀಟರಿನ ನಾಲ್ಕು ಪಾಕೀಟು ಹಾಲು ಕೇಳಿದ.

“ನಾಲ್ಕು ಆಕಳ ಕಟ್ಕೊಂಡು ಪಾಕೀಟ ಹಾಲೇನ್ರಿ ಕಾಕಾ?” ಅಂಗಡಿಯ ಫಿರ್ದೋಸ್ ನಕ್ಕಳು.

“ಬೀಗರು ಬರಾಕತ್ತಾರವ್ವ, ಭಾಳ ಮಂದಿ!” ಎಂದು, ಅವಳು ಫ್ರಿಜ್ಜಿನಿಂದ ತೆಗೆದುಕೊಟ್ಟ ಪಾಕೀಟುಗಳನ್ನು ಮೇವಿನ ಚೀಲಕ್ಕೆ ತುರುಕಿಕೊಂಡು ಬಂದ.

ಸಂಜೆ ತೌಹೀದ ಟೆಂಪೋ ತಂದು ಬಾಗಿಲಲ್ಲಿ ನಿಲ್ಲಿಸಿದ. ಎಲ್ಲರೂ ತಮ್ಮ ತಮ್ಮ ಆಕಳ ಕೆಳಗೆ ಕುಳಿತರು. ನಾಗೇಂದ್ರಪ್ಪ ಹೆದರಿಕೆಯಿಂದ ಕಣ್ಣು ಮುಚ್ಚಿಕೊಂಡೇ ಹಿಂಡಿದ. ಎಷ್ಟಾಯಿತೆಂದು ನೋಡುವ ಧೈರ್ಯವೂ ಇರಲಿಲ್ಲ. ಆಕಳ ಮರೆಯಲ್ಲೇ ಹಲ್ಲಿನಿಂದ ನಾಲ್ಕೂ ಪಾಕೀಟು ಹರಿದು ದಬದಬನೆ ಬಕೀಟಿಗೆ ಸುರಿದ. ನೊರೆ ಎಲ್ಲವನ್ನೂ ಮುಚ್ಚಿತು.

ಸುಂದರಬಾಯಿ ಓಣಿಗೆಲ್ಲ ಕೇಳುವಂತೆ ಅಳೆದಳು. “ಗೌರಿ ಐದು! ಕಪಿಲಿ ಆರು! ಬೆಳ್ಳೀನೂ ಆರು! ಕೆಂಪಿ... ಯವ್ವಾ, ಒಂಬತ್ತು!”

ನಾಗೇಂದ್ರಪ್ಪ ಕುಣಿಯುವುದೊಂದು ಬಾಕಿ. ಸೋತ ಗೌರಿಯ ಕೊರಳು ತಬ್ಬಿಕೊಂಡು ಭಾಗಮ್ಮ ಕೂಗಿದಳು: “ಏ ನಾಗ್ಯಾ, ನೀರ ಹಾಕೀಯೇನೋ?”

ನೀರೇ? ಒಂದು ಹನಿಯೂ ಇಲ್ಲ! ಗೆದ್ದ ಹುಮ್ಮಸ್ಸಿನಲ್ಲಿ ಅವನ ನಾಲಿಗೆಗೆ ಲಗಾಮು ತಪ್ಪಿತು. “ಇದರಾಗ ಏನಾರ ಬೆರಸಿದ್ದು ಸಿಕ್ರ ಕೆಂಪೀನೇ ಒಯ್ರಿ ತೌಹೀದಭಾಯಿ! ಬಸವಣ್ಣನ ಆಣಿ!”

ಮೂವತ್ತು ವರ್ಷ ದನದ ವ್ಯಾಪಾರ ಮಾಡಿದ ತೌಹೀದ ಗೌರಿಯ ಬಕೀಟಿಗೆ ಬೆರಳದ್ದಿದ. ಬೆಚ್ಚಗಿತ್ತು. ಕೆಂಪಿಯದಕ್ಕೆ ಅದ್ದಿದವನು ಹುಬ್ಬೇರಿಸಿದ. ನೊರೆಯೊಳಗೆ ಕೈಯಾಡಿಸಿ ಏನನ್ನೋ ಹಿಡಿದು ಮೇಲೆತ್ತಿದ. ನಿಂಬೆಹಣ್ಣಿನಷ್ಟು ಮಂಜುಗಡ್ಡೆ!

“ಸಾವಕಾರ್ರ, ನಿಮ್ಮ ಆಕಳ ಹೊಟ್ಟ್ಯಾಗ ಫ್ರಿಜ್ ಅದನೇನ್ರಿ?”

ಓಣಿಯೇ ನಕ್ಕಿತು. ನಾಗೇಂದ್ರಪ್ಪ ನಾಲ್ಕು ಪಾಕೀಟಿನ ಕತೆ ಒಪ್ಪಿಕೊಂಡ. ಆಣೆ ಆಣೆಯೇ. ತನ್ನ ಕೈಯಾರೆ ಕೆಂಪಿಯ ಹಗ್ಗವನ್ನು ತೌಹೀದನ ಕೈಗೆ ಕೊಟ್ಟ. ಕಣ್ಣು ತುಂಬಿ ಅದು ಟೆಂಪೋ ಹತ್ತಿದ್ದೂ ಅವನಿಗೆ ಕಾಣಲಿಲ್ಲ.

ಸುಂದರಬಾಯಿ ಮಾತ್ರ ಇನ್ನೂ ಬೆರಳು ಮಡಚುತ್ತ ನಿಂತಿದ್ದಳು. “ನಾಲ್ಕು ಪಾಕೀಟ ಅಂದ್ರ ಎರಡು ಲೀಟರ್. ಒಂಬತ್ತರಾಗ ಎರಡು ಹೋದ್ರ ಏಳು. ಅಯ್ಯ ನಾಗೇಂದ್ರಪ್ಪ, ಏನೂ ಬೆರಸದಿದ್ರೂ ಕೆಂಪೀನೇ ಗೆಲ್ತಿತ್ತಲ್ಲೋ!”

ತೌಹೀದನ ಟೆಂಪೋ ಆಗಲೇ ಚಿಂಚೋಳಿ ರಸ್ತೆ ಹಿಡಿದಿತ್ತು.