ದೆವ್ವದ ಮಾಮ ಬಂದ್ರು, ಓದ್ರು

ನಮ್ಮಣ್ಣ ದೆವ್ವ. ಇದು ಬೈಗುಳವಲ್ಲ, ಉದ್ಯೋಗ! ಸಿನಿಮಾದಲ್ಲಿ ಪಾಳುಬಾವಿಯಿಂದ ಕೂದಲು ಕೆದರಿಕೊಂಡು ಮೇಲೆ ಬರುತ್ತದಲ್ಲ, ನಾಯಕಿಯ ಕತ್ತಿಗೆ ಕೈ ಹಾಕುತ್ತದಲ್ಲ, ಅದು ನನ್ನ ಒಡಹುಟ್ಟಿದವನು. ಮಿಕ್ಕ ದಿನಗಳಲ್ಲಿ ನಂಜನಗೂಡಿನ ಬಟ್ಟೆ ಅಂಗಡಿಯೊಂದರಲ್ಲಿ ಸೀರೆಗೆ ಹೊಂದುವ ಫಾಲ್ಸ್ ಹುಡುಕಿಕೊಡುತ್ತಾನೆ. "ಈ ಕಲರ್ರು ಒಗದ್ರೆ ಬಿಟ್ಕೋತದೆ ಕಣಕ್ಕ, ಬ್ಯಾಡಿ" ಎಂದು ಗಿರಾಕಿಯನ್ನು ತಾನೇ ವಾಪಸು ಕಳಿಸಿ ಮಾಲೀಕರಿಂದ ಬೈಸಿಕೊಳ್ಳುತ್ತಾನೆ. ಇಂಥವನು ದೆವ್ವ ಅಂದರೆ ನೀವು ನಂಬುತ್ತೀರಾ?

ಅವನೇನೂ ಹುಡುಕಿಕೊಂಡು ಹೋಗಿ ದೆವ್ವವಾದವನಲ್ಲ. ತಲಕಾಡಿನ ಮರಳಿನಲ್ಲಿ ಶೂಟಿಂಗ್ ನಡೆಯುತ್ತಿದ್ದಾಗ ನಾವು ಮನೆಮಂದಿಯೆಲ್ಲ ಪುಳಿಯೋಗರೆ ಕಟ್ಟಿಕೊಂಡು ಅಲ್ಲಿಗೆ ಹೋಗಿದ್ದೆವು. ಹೊಳೆಯಲ್ಲಿ ಮುಳುಗೆದ್ದು, ಮರಳಿನಲ್ಲಿ ಜಾರಿ ಬಿದ್ದು, ತಲೆ ಮೈಯೆಲ್ಲ ಮರಳು ಮಾಡಿಕೊಂಡಿದ್ದ ಇವನು ನಾಯಕಿಯ ಹಿಂದೆ ಹೋಗಿ ನಿಂತು "ಟೈಮೆಷ್ಟಾಯ್ತು ಮೇಡಂ?" ಎಂದು ಕೇಳಿದ್ದಾನೆ. ಆಕೆ ತಿರುಗಿ ನೋಡಿ ಕಿಟಾರನೆ ಕಿರುಚಿದಳು. ನಿರ್ದೇಶಕರು ಓಡಿ ಬಂದರು. ಬೈಯುವುದಕ್ಕಲ್ಲ, ಅಡ್ವಾನ್ಸ್ ಕೊಡುವುದಕ್ಕೆ! ಉದ್ದನೆಯ ಮೈ, ಗುಳಿ ಬಿದ್ದ ಕೆನ್ನೆ, ಮೇಕಪ್ಪಿನ ಖರ್ಚೇ ಇಲ್ಲ.

ಸಿನಿಮಾ ನಮ್ಮೂರಿನ ಟಾಕೀಸಿಗೆ ಬಂತು. ದೆವ್ವ ಕಾಣಿಸಿಕೊಂಡ ಕೂಡಲೇ ಇಡೀ ಟಾಕೀಸಿನಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿಕೊಂಡವನು ಯಾರು ಹೇಳಿ? ನಮ್ಮಣ್ಣನೇ! ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡುಬಿಟ್ಟ.

"ಲೇ, ಅದು ನೀನೇ ಕಣ್ಲಾ!" ಎಂದು ಪಕ್ಕದಲ್ಲಿದ್ದ ಗೆಳೆಯ ತಿವಿದ.

"ಗೊತ್ತು ಕಣ್ಲಾ. ಆದ್ರೂವೆ ಇಂಗೆ ಇಂದ್ಗಡೆಯಿಂದ ಬತ್ತನಲ್ಲಾ ನನ್ಮಗ!"

ನಾನು ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತೆ. ನಾಚಿಕೆ ಶುರುವಾದದ್ದು ಅಲ್ಲಿಂದಲೇ. ಕಾಲೇಜಿನಲ್ಲಿ ನನಗೆ ಮೋಹಿನಿ ಎಂದು ಹೆಸರಿಟ್ಟರು. ಬೀದಿಯ ತಾಯಂದಿರು ಊಟದ ಹೊತ್ತಿಗೆ ಸರಿಯಾಗಿ ನಮ್ಮ ಮನೆಗೆ ಬರತೊಡಗಿದರು. "ಮಗ ಅನ್ನ ತಿಂತಿಲ್ಲ ಕಣಪ್ಪ, ಒಸಿ ಬಂದು ನಿಂತ್ಕೋ." ಇವನು ತನ್ನ ತಟ್ಟೆ ಬಿಟ್ಟು ಎದ್ದು ಹೋಗಿ ಅವರ ಬಾಗಿಲಲ್ಲಿ ನಿಲ್ಲುತ್ತಿದ್ದ. ಮಗು ಗಬಗಬ ನುಂಗುತ್ತಿತ್ತು. "ಮೆಲ್ಲಗೆ ತಿನ್ನು ಕಂದಾ, ನೆತ್ತಿಗತ್ತೀತು" ಎಂದು ದೆವ್ವವೇ ಗೋಗರೆಯುತ್ತಿತ್ತು! ಬಂಧುಗಳ ಎದುರಿಗೆ ಇಂಥವನನ್ನು ಇವನು ನನ್ನಣ್ಣ ಎಂದು ಹೇಗೆ ಹೇಳಲಿ?

ನನ್ನನ್ನು ಟಿ. ನರಸೀಪುರಕ್ಕೆ ಮದುವೆ ಮಾಡಿಕೊಟ್ಟರು. ಹುಡುಗಿಯ ಅಣ್ಣ ಏನು ಮಾಡುತ್ತಾನೆ ಎಂದು ಕೇಳಿದಾಗ ಬಟ್ಟೆ ಅಂಗಡಿ ಎಂದಷ್ಟೇ ಹೇಳಿದ್ದೆವು. ಸುಳ್ಳೇನಲ್ಲವಲ್ಲ! ಆದರೆ ಟಿ.ವಿ. ಎಂಬುದೊಂದಿದೆ ನೋಡಿ. ಒಂದು ಭಾನುವಾರ ಮಧ್ಯಾಹ್ನ ನಮ್ಮತ್ತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಪರದೆಯ ಮೇಲೆ ಪಾಳುಬಾವಿ ಕಾಣಿಸಿತು. ಬಾವಿಯಿಂದ ಕೂದಲು ಮೇಲೆ ಬಂತು, ಹಿಂದೆಯೇ ನಮ್ಮಣ್ಣ ಬಂದ.

"ಅಯ್ಯೋ ಸಿವನೇ! ಇದು ನಿಮ್ಮಣ್ಣ ಅಲ್ವೇನವ್ವಾ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆ ಎದ್ದರು, ಸೀಮೆಸುಣ್ಣ ಹುಡುಕಿದರು, ಬೀದಿಬಾಗಿಲ ಮೇಲೆ ದಪ್ಪಕ್ಷರದಲ್ಲಿ "ನಾಳೆ ಬಾ" ಎಂದು ಬರೆದರು. ನಮ್ಮ ಕಡೆ ದೆವ್ವಕ್ಕೆ ಹೀಗೆ ಬರೆಯುವುದುಂಟು. ಬಂದ ದೆವ್ವ ಅದನ್ನು ಓದಿಕೊಂಡು ಹಿಂದಿರುಗುತ್ತದೆ. ಮಾರನೆಯ ದಿನ ಬಂದರೂ ಅಲ್ಲಿ ನಾಳೆ ಬಾ ಎಂದೇ ಇರುತ್ತದಲ್ಲ!

ಅದಾಗಿ ಸ್ವಲ್ಪ ದಿನಕ್ಕೆ ನನ್ನ ಮಗಳಿಗೆ ಕಿವಿ ಚುಚ್ಚಿಸುವ ಶಾಸ್ತ್ರ. ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿಕೊಂಡೇ ಚುಚ್ಚಬೇಕು. ಅಣ್ಣ ತಿಂಗಳಿಂದ ಫೋನಿನಲ್ಲಿ ಅದನ್ನೇ ಜಪಿಸುತ್ತಿದ್ದ. ಅಕ್ಕಸಾಲಿ ಆಚಾರ್ರು ಸೂಜಿ ಹಿಡಿದು ಕೂತರು, ನೆಂಟರು ನೆರೆದರು. ಇವನ ಸುಳಿವಿಲ್ಲ. ಮುಹೂರ್ತ ಮೀರುತ್ತಿತ್ತು.

"ಬ್ಯಾರೆ ಯಾರ್ನಾದ್ರೂ ಕೂರ್ಸಿ. ದೆವ್ವದ ತೊಡೆ ಮ್ಯಾಲೆ ಮಗೀನ ಕೂರ್ಸೋದು ಏನ್ ಚೆಂದ?" ಎಂದು ನನ್ನ ಗಂಡನ ಸೋದರತ್ತೆ ರಾಗ ಎಳೆದರು. ಒಂದು ಗಳಿಗೆ ನನಗೂ ಹಾಯೆನ್ನಿಸಿತು, ನೋಡಿ!

ಅಷ್ಟರಲ್ಲಿ ಎದುರುಮನೆಯ ಅಜ್ಜಿ ಒಂದು ಬ್ಯಾಗು ಹಿಡಿದು ಬಂದಳು. "ನಿಮ್ಮಣ್ಣ ಬಂದ್ರು ಕಣವ್ವಾ. ಓದ್ರು."

"ಎಲ್ಲಿಗೆ ಹೋದ್ರು?"

"ಓಗ್ನಿಲ್ಲ ಕಣವ್ವಾ, ಓದ್ರು! ಬಾಗ್ಲ ಓದ್ರು. ಓದ್ಬುಟ್ಟು, ಈ ಬ್ಯಾಗ ನನ್ ಕೈಗೆ ಕೊಟ್ಟು, ಆಮ್ಯಾಕೆ ಓದ್ರು!"

ನೆರೆದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಬ್ಯಾಗಿನಲ್ಲಿ ಮಗುವಿಗೆ ಜರಿಯಂಚಿನ ಲಂಗ, ಪುಟ್ಟ ಓಲೆ, ಒಂದು ಚಿಪ್ಪು ರಸಬಾಳೆ ಇದ್ದವು. ನಾನು ಫೋನ್ ಮಾಡಿದೆ.

"ಬಸ್‌ಸ್ಟ್ಯಾಂಡಲ್ಲಿದ್ದೀನಿ ಕಣವ್ವ. ಬಸ್ಸು ಇನ್ನೂ ಬಂದಿಲ್ಲ."

"ಬಾಗಿಲ ತನಕ ಬಂದು ಹೋಗ್ತಾರೇನೋ? ಅದು ದೆವ್ವಕ್ಕೆ ಬರೆದಿರೋದು ಕಣೋ!"

"ಗೊತ್ತು ಕಣವ್ವ. ಆ ಬೀದೀಲಿ ನನ್ ಬುಟ್ರೆ ಇನ್ಯಾವ ದೆವ್ವ ಅದೆ?" ಎಂದು ನಕ್ಕ. ಆಮೇಲೆ ಮೆಲ್ಲಗೆ, "ನಾನ್ ಬಂದ್ರೆ ನಿಂಗೆ ನಾಚ್ಕೆ ಆಯ್ತದೆ ಅಂತಾನೂ ಗೊತ್ತು. ಬ್ಯಾರೆಯವ್ರ ಕೂರ್ಸಿ ಮಾಡ್ಕಬುಡಿ" ಎಂದ.

ಇವನಿಗೆ ಗೊತ್ತಿತ್ತೇ? ಟಾಕೀಸಿನಲ್ಲಿ ನಾನು ತಲೆ ತಗ್ಗಿಸಿದ್ದನ್ನೂ ಕಂಡಿದ್ದನೇ? ಅಷ್ಟು ಜನರ ನಡುವೆ ಹಿಡಿಯಷ್ಟಾಗಿಬಿಟ್ಟೆ.

ಅತ್ತೆ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು. ಅವರ ಮುಖವೂ ಕೆಂಪಾಗಿತ್ತು. "ಏನಪ್ಪಾ ನೀನು! ನಾನ್ ಬರ್ದಿದ್ದು ಆ ಪಿಚ್ಚರ್ ದೆವ್ವಕ್ಕೆ ಕಣಪ್ಪಾ, ನಿಂಗಲ್ಲ! ಮಗಾ ಕಾಯ್ತಾ ಅದೆ. ಬಿರ್‍ರನೆ ಬಾ!" ಎಂದವರೇ, ಹೊಸ ಸೀರೆ ಎಂಬುದನ್ನೂ ನೋಡದೆ ಸೆರಗನ್ನು ನೀರಿಗದ್ದಿ ಬಾಗಿಲು ತಿಕ್ಕತೊಡಗಿದರು.

ಅಣ್ಣ ಏದುಸಿರು ಬಿಡುತ್ತ ಬಂದ. ಚಕ್ಕಳಮಕ್ಕಳ ಹಾಕಿ ಕೂತ. ಅವನ ತೊಡೆಯ ಮೇಲೆ ಮಗುವನ್ನು ನಾನೇ ಕೂರಿಸಿದೆ. ಸೂಜಿ ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಂಡವನು ಅವನು. ಮಗು ಚಿಟ್ಟನೆ ಚೀರಿತು, ಇವನೂ ಗೊಳೋ ಎಂದ. "ಒಂದೇ ಕಿವಿ ಸಾಕು ಬುಡಿ ಆಚಾರ್ರೇ, ಇನ್ನೊಂದು ಬ್ಯಾಡಿ!" ಅತ್ತೆ ಮಗುವಿಗೆಂದು ತಂದ ಬೆಲ್ಲದ ಚೂರನ್ನು ಮೊದಲು ಅವನ ಬಾಯಿಗೆ ಹಾಕಿ ಬೆನ್ನು ಸವರಿದರು. ಇನ್ನೊಂದು ಕಿವಿಯೂ ಆಯಿತು. ಅತ್ತು ಅತ್ತು ಸುಸ್ತಾದ ಮಗು ಅವನ ಅಂಗಿಯ ಗುಂಡಿ ಹಿಡಿದುಕೊಂಡೇ ನಿದ್ದೆ ಹೋಯಿತು.

ನಾನು ಎತ್ತಿಕೊಳ್ಳಲು ಬಗ್ಗಿದೆ. ಅವನು ನನ್ನ ಕಿವಿಯ ಹತ್ತಿರ, "ಇವಳ್ಗೆ ನನ್ ಪಿಚ್ಚರ್ ತೋರುಸ್ಬ್ಯಾಡ ಕಣವ್ವ. ಊರ್ ಮಕ್ಳೆಲ್ಲ ಎದರ್ಕಳ್ಳಿ, ಪರ್ವಾಗಿಲ್ಲ. ಇವಳು ಎದರ್ಕಂಡ್ರೆ ನಾನ್ ತಡಿಯಕಿಲ್ಲ" ಎಂದ.

ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಒಳಗೆ ಎಲೆ ಹಾಕಿ ಊಟಕ್ಕೆ ಕರೆಯುತ್ತಿದ್ದರು. ಮಗು ಏಳುವ ತನಕ ನಾವಿಬ್ಬರೂ ಬರುವುದಿಲ್ಲ ಎಂದು ಕೂಗಿ ಹೇಳಿ, ಅಣ್ಣನ ಪಕ್ಕದಲ್ಲೇ ಕೂತೆ.