ಸರ್ವೆ ಮರದ ಬಾಣಂತನ

ಮರ ಅಂದರೆ ಅದರ ಕೆಳಗೆ ನಾಲ್ಕು ಜನ ಕೂತು ಎಲೆ ಅಡಿಕೆ ಹಾಕಿಕೊಳ್ಳುವಷ್ಟಾದರೂ ನೆರಳು ಇರಬೇಕು, ಇಲ್ಲವೇ ಕಡಿದರೆ ಒಂದು ಗಾಡಿ ಸೌದೆಯಾದರೂ ಆಗಬೇಕು. ಎರಡೂ ಇಲ್ಲದ್ದನ್ನು ನಮ್ಮ ಕಡೆ ಗಿಡ ಅಂತ ಕರೆದು ಮೇಕೆಗೆ ಬಿಡುತ್ತಾರೆ. ಇದು ನಾನು ಬುದ್ಧಿ ಬಂದಾಗಿನಿಂದ ನಂಬಿಕೊಂಡಿದ್ದ ಸಂಗತಿ. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು. ಅಲ್ಲಿಂದಾಚೆಗೆ ಕಲಿತದ್ದೆಲ್ಲ ಹೊಲದಿಂದ, ಕೊಟ್ಟಿಗೆಯಿಂದ, ಒಲೆಯಿಂದ. ಅಂಥವಳು ಈ ವಯಸ್ಸಿನಲ್ಲಿ ಒಂದು ಮೊಳ ಎತ್ತರದ ಮರದ ಮುಂದೆ ಕಾಫಿ ಲೋಟ ಹಿಡಿದುಕೊಂಡು ಕೂತರೆ ಕಾಫಿ ಆರಿದ್ದೂ ಗೊತ್ತಾಗುವುದಿಲ್ಲ. ಅದಕ್ಕೆ ಕಾರಣ ನನ್ನ ಮೊಮ್ಮಗಳು ಭವ್ಯ. ಅವಳ ಹೆಸರು ಬರೆಯುವಾಗ ನನ್ನ ಅಕ್ಷರ ತಾನಾಗಿ ದಪ್ಪಗಾಗುತ್ತದೆ, ನೀವು ಅದನ್ನು ತಪ್ಪು ತಿಳಿಯಬಾರದು.

ಸಿ.ವಿ. ರಾಮನ್ ನಗರ ಅನ್ನುವ ಹೆಸರು ಹುಟ್ಟುವ ಮುಂಚೆಯೇ ಅದರ ಮಗ್ಗುಲಲ್ಲಿ ನಮ್ಮ ಊರಿತ್ತು, ಊರಾಚೆ ನಮ್ಮದೊಂದು ಸರ್ವೆ ತೋಪಿತ್ತು. ಸರ್ವೆ ಗೊತ್ತಲ್ಲ, ಗಾಳಿ ಬೀಸಿದರೆ ಹುಸ್ಸೆಂದು ಉಸಿರು ಬಿಡುವ ಸೂಜಿ ಎಲೆಯ ಮರ. ನಮ್ಮ ಯಜಮಾನರು ಅದನ್ನು ನೆಟ್ಟಗೆ ಬೆಳೆಸುವುದರಲ್ಲಿ ಸುತ್ತಲ ಹಳ್ಳಿಗೆಲ್ಲ ಹೆಸರಾದವರು. ಇಂದಿರಾನಗರದಲ್ಲಿ ಬಂಗಲೆಗಳು ಏಳುವ ಕಾಲಕ್ಕೆ ಗಾರೆ ಕೆಲಸದವರು ಗೋಡೆ ಹತ್ತಿದ್ದು ನಮ್ಮ ಸರ್ವೆ ಗಳುಗಳ ಮೇಲೆ. ಯಜಮಾನರು ಈಗಲೂ ನೂರಡಿ ರಸ್ತೆಯಲ್ಲಿ ನಡೆಯುವಾಗ ಎಡಕ್ಕೂ ಬಲಕ್ಕೂ ತಿರುಗಿ ಮನೆಗಳನ್ನು ನೋಡುವ ರೀತಿ ಇದೆಯಲ್ಲ, ಎಲ್ಲವನ್ನೂ ತಾವೇ ಎತ್ತಿ ನಿಲ್ಲಿಸಿದ ಹಾಗೆ. ಆಮೇಲೆ ತೋಪು ಸೈಟುಗಳಾಯಿತು. ಕೊನೆಯ ಬುಡ ಕಿತ್ತ ದಿನ ಅವರು ಗೇಣುದ್ದದ ಒಂದು ಸಸಿಯನ್ನು ಪೇಂಟಿನ ಡಬ್ಬದಲ್ಲಿ ಇಟ್ಟು ತಂದು ತಾರಸಿಯ ನೀರಿನ ಟ್ಯಾಂಕಿನ ಪಕ್ಕ ಕೂರಿಸಿದರು. ಆಮೇಲೆ ಅದರ ಸುದ್ದಿ ಎತ್ತಲಿಲ್ಲ. ಆದರೆ ತುಳಸಿಗೆ ನೀರು ಹಾಕು ಅಂದರೆ ಮರೆಯುವ ಗಂಡಸು ಆ ಡಬ್ಬಕ್ಕೆ ಒಂದು ಚೊಂಬು ಹಾಕುವುದನ್ನು ಮರೆತದ್ದು ನಾನು ಕಾಣೆ. ಟ್ಯಾಂಕಿನ ನೆರಳು ತಪ್ಪಿಸಿಕೊಂಡು ಬಿಸಿಲು ಹುಡುಕುತ್ತ ಅದು ಸೊಟ್ಟಗೆ ಬೆಳೆಯಿತು. ಭವ್ಯಳೂ ಅದೂ ಹೆಚ್ಚು ಕಡಿಮೆ ಒಂದೇ ಓರಗೆ.

ಭವ್ಯ ಬಿ.ಎಸ್ಸಿ. ಸೇರಿದ ಮೇಲೆ ಭಾನುವಾರ ಭಾನುವಾರ ಇಂದಿರಾನಗರದ ಒಬ್ಬ ಮೇಡಂ ಮನೆಗೆ ಹೋಗಿ ಬೋನ್ಸಾಯ್ ಕಲಿಯತೊಡಗಿದಳು. ಮರವನ್ನು ತಟ್ಟೆಯಲ್ಲಿ ಬೆಳೆಸುವ ವಿದ್ಯೆ ಅಂದಳು. ತಟ್ಟೆಯಲ್ಲಿ ಮುದ್ದೆ ಇಡುವ ವಿದ್ಯೆಯನ್ನೂ ಜೊತೆಗೆ ಕಲಿ ಅಂತ ನಾನು ಹಾಸ್ಯ ಮಾಡಿದೆ. ಒಂದು ದಿನ ಅವಳು ತಾರಸಿಯಿಂದ ಆ ಡಬ್ಬ ಎತ್ತಿಕೊಂಡು ಬಂದು ತಾತನ ಮುಂದೆ ಇಟ್ಟಳು.

"ತಾತ, ಬೇರು ಡಬ್ಬಾನೇ ಸೀಳ್ಬಿಟ್ಟಿದೆ. ಈ ಬೇಸಿಗೇಲಿ ಬದಲಾಯಿಸ್ದೆ ಹೋದ್ರೆ ಉಸಿರು ಕಟ್ಟಿ ಸತ್ತೋಗುತ್ತೆ."

"ನೆಲಕ್ಕೆ ಹಾಕವ್ವ."

"ನೆಲ ಎಲ್ಲೈತೆ ತಾತ?"

ಯಜಮಾನರು ಸುತ್ತ ನೋಡಿದರು. ಮುಂದೆ ಬಾಡಿಗೆಯವರ ಸ್ಕೂಟರು ನಿಲ್ಲುವ ಸಿಮೆಂಟು, ಹಿಂದೆ ನೀರಿನ ಸಂಪು, ಆಚೆ ಪಕ್ಕದ ಮನೆಯವರ ಗೋಡೆ. ಅಷ್ಟು ಎಕರೆ ಉತ್ತವರಿಗೆ ಒಂದು ಬುಡಕ್ಕೆ ಜಾಗ ತೋರಿಸಲಾಗಲಿಲ್ಲ.

"ಬೇರು ಕತ್ತರಿಸಿ ಬೇರೆ ಮಣ್ಣಿಗೆ ಹಾಕ್ತೀನಿ. ಕೊಂಬೆಗೆ ತಂತಿ ಸುತ್ತಿ ಒಂದ್ಕಡೆಗೆ ಬಗ್ಗಿಸ್ತೀನಿ. ಇದು ಮೂಲದಲ್ಲಿ ಸಮುದ್ರದ ದಡದ ಮರ ತಾತ. ಅಲ್ಲಿ ಗಾಳಿಗೆ ಹಿಂಗೇ ಬಾಗಿರುತ್ತೆ."

"ಬಗ್ಗಿಸ್ತೀಯಾ? ಸೊಟ್ಟಗಿರೋ ಸರ್ವೆನ ನಾನು ಗಾಡಿಗೇ ಹತ್ತಿಸ್ತಿರ್ಲಿಲ್ಲ ಕಣೆ. ಆಯ್ತು, ಸತ್ರೆ?"

"ಸಾಯಲ್ಲ."

"ಸತ್ರೆ ಅಂತ ಕೇಳ್ದೆ."

ತೋಪಿನದು ಅಂತ ನಮ್ಮ ಹತ್ತಿರ ಉಳಿದಿದ್ದು ಅದೊಂದೇ. ಹೋದರೆ ತೋರಿಸಲು ಒಂದು ಕಡ್ಡಿಯೂ ಇಲ್ಲ. ಡಬ್ಬದಲ್ಲಿ ಹಾಗೇ ಇಟ್ಟರೂ ಸಾಯುತ್ತದೆ, ಮುಟ್ಟಿದರೂ ಸಾಯಬಹುದು. ಕೊನೆಗೆ ಯಜಮಾನರು ಎದ್ದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಮಾಡು. ಆದ್ರೆ ನನ್ ಮುಂದೆ ಮಾಡಬೇಡ" ಅಂದು ಹೊರಟುಬಿಟ್ಟರು.

ತಟ್ಟೆಗೆಂದು ನಾನೂ ಅವಳೂ ಕಂಟೋನ್ಮೆಂಟ್ ಕಡೆಯ ಕುಂಬಾರರ ಬೀದಿಗೆ ಹೋದೆವು. ಶಿವಾಜಿನಗರದಲ್ಲಿ ಬಸ್ಸಿಳಿದು, ಬಟ್ಟೆ ಅಂಗಡಿಗಳ ಮುಂದೆ ನಾನು ನಿಂತು, ಅವಳು ನನ್ನನ್ನು ಎಳೆದು, ಹೀಗೆ ತಲುಪುವ ಹೊತ್ತಿಗೆ ಮಧ್ಯಾಹ್ನ. ಭವ್ಯ ಒಂದೊಂದೇ ಚಟ್ಟಿ ಮಗುಚಿ ತಳ ನೋಡಿ, ಇದಕ್ಕೆ ತೂತಿಲ್ಲ, ಇದಕ್ಕೂ ತೂತಿಲ್ಲ ಅಂತ ಕೆಳಗಿಡುತ್ತಿದ್ದಳು. ಅಂಗಡಿಯ ತಮಿಳು ಹೆಂಗಸು ಸ್ವಲ್ಪ ಹೊತ್ತು ನೋಡಿ, "ಏನಮ್ಮಾ ನೀನು, ಊರೆಲ್ಲಾ ತೂತಿದೆ ಅಂತ ವಾಪಸ್ ತರ್ತಾರೆ, ನೀನು ತೂತಿಲ್ಲ ಅಂತ ಬೈತೀಯಾ" ಅಂದಳು. ಆಮೇಲೆ ವಿಷಯ ತಿಳಿದು, ಹಸಿಯಾಗಿದ್ದ ಒಂದು ಅಗಲ ತಟ್ಟೆಗೆ ಬೆರಳು ತೂರಿಸಿ ಬೇಕಾದ ಕಡೆ ತೂತು ಮಾಡಿ, ಸುಟ್ಟ ಮೇಲೆ ಬಂದು ತೆಗೆದುಕೊಂಡು ಹೋಗಿ ಅಂದಳು.

ಆ ಕೆಲಸ ನಡೆದ ದಿನವನ್ನು ನಾನು ಹೇಗೆ ಬರೆಯಲಿ. ಆ ಮಗು ನೋಟು ಪುಸ್ತಕಕ್ಕೆ ರಟ್ಟು ಹಾಕುವಾಗ ಬೆರಳಿಗೆ ಅಂಟು ಹಚ್ಚಿಕೊಂಡು ಅಳುತ್ತಿದ್ದುದನ್ನು ನೋಡಿದವಳು ನಾನು. ಅದೇ ಬೆರಳು ಡಬ್ಬ ಕತ್ತರಿಸಿ ಬೇರಿನ ಮುದ್ದೆಯನ್ನು ಈಚೆಗೆ ತೆಗೆದು, ಒಂದು ಚೂಪು ಕಡ್ಡಿಯಿಂದ ಸಿಕ್ಕು ಬಿಡಿಸತೊಡಗಿತು. ತುದಿಯಿಂದ ಶುರುಮಾಡಿ ಬುಡಕ್ಕೆ ಬರುತ್ತಿದ್ದಳು, ಎಳೆಯುತ್ತಿರಲಿಲ್ಲ, ನಡುನಡುವೆ ನೀರು ಚಿಮುಕಿಸುತ್ತಿದ್ದಳು. ಉದ್ದ ಕೂದಲ ಹುಡುಗಿಗೆ ತಲೆ ಬಾಚುವ ಹಾಗೆ. ಒಂದು ಕೂದಲೂ ಕೀಳದಂತೆ ಬಾಚುವುದು ಈ ಮನೆಯಲ್ಲಿ ನನಗೊಬ್ಬಳಿಗೇ ಬರುತ್ತದೆ ಅಂತ ತಿಳಿದಿದ್ದೆ. ಆಮೇಲೆ ದಪ್ಪ ಬೇರುಗಳನ್ನು ಕಚಕ್ಕನೆ ಕತ್ತರಿಸಿದಳು. ಇಟ್ಟಿಗೆ ಚೂರು, ದಪ್ಪ ಮರಳು, ಸ್ವಲ್ಪ ಕೆಮ್ಮಣ್ಣು ತಟ್ಟೆಗೆ ಸುರಿದಳು. ಕೊನೆಗೆ ಹಳೆಯ ಡಬ್ಬದ ಮಣ್ಣನ್ನೂ ಒಂದು ಹಿಡಿ ಸೇರಿಸಿದಳು.

"ಅದ್ಯಾಕೆ ಮತ್ತೆ? ಹಳೇದು ಬೇಡ ಅಂತ ತಾನೆ ಬದಲಾಯಿಸ್ತಿರೋದು?"

"ಈ ಮಣ್ಣಲ್ಲಿ ಕಣ್ಣಿಗೆ ಕಾಣ್ದಿರೋ ಜೀವಗಳಿರುತ್ತೆ ಅಜ್ಜಿ. ಬೇರಲ್ಲಿ ಗಂಟು ಕಟ್ಕೊಂಡು ಮರಕ್ಕೆ ಊಟ ಮಾಡಿ ಹಾಕುತ್ತೆ. ಹೊಸ ಜಾಗಕ್ಕೆ ಹೋಗುವಾಗ ಜೊತೆಗೆ ಕಳಿಸ್ಬೇಕು."

ತವರಿನವರು ಯಾರಾದರೂ ಜೊತೆಗೆ ಬರಲಿ ಅಂತ ಮದುವೆಯಾದ ಹೊಸದರಲ್ಲಿ ನಾನೂ ಅತ್ತಿದ್ದೆ. ಅದನ್ನು ಪುಸ್ತಕದಲ್ಲಿ ಬರೆದಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ.

ಆಮೇಲೆ ತಂತಿ. ಅವಳು ಕೊಂಬೆಗೆ ತಂತಿ ಸುತ್ತಿ, ಎರಡು ಹೆಬ್ಬೆರಳು ಒತ್ತಿಟ್ಟು, ಉಸಿರು ಹಿಡಿದು ಬಗ್ಗಿಸುತ್ತಿದ್ದಳು. ಒಂದೊಂದು ಕೊಂಬೆ ಬಾಗಿದಾಗಲೂ ನಾನು ಎದುರಿಗೆ ಕೂತು ಅದೇ ಕಡೆಗೆ ಬಾಗುತ್ತಿದ್ದೆ. ಬೇಡದ ಕೊಂಬೆಗಳನ್ನು ತೆಗೆದಳು. ಮುಗಿಸಿ ಹಿಂದೆ ಸರಿದಾಗ ನೋಡುತ್ತೇನೆ, ಟ್ಯಾಂಕಿನ ಪಕ್ಕ ಸೊಟ್ಟಗೆ ಮುದುಡಿದ್ದ ಆ ಬಡಪಾಯಿ, ದೊಡ್ಡ ಗಾಳಿಯೊಂದಕ್ಕೆ ಎದೆಕೊಟ್ಟು ನಿಂತ ಮುದಿ ಮರವಾಗಿತ್ತು. ನಾನು ಸಮುದ್ರ ಕಂಡವಳಲ್ಲ, ಹಲಸೂರು ಕೆರೆಯೇ ನನ್ನ ಸಮುದ್ರ. ಆದರೂ ನಮ್ಮ ಜಗುಲಿಗೆ ಗಾಳಿ ಬಂದ ಹಾಗಾಗಿ ಸೆರಗು ಸರಿಮಾಡಿಕೊಂಡೆ.

ಮಾರನೆಯ ದಿನ ಕಾಲೇಜಿಗೆ ಹೊರಡುವಾಗ ಭವ್ಯ ನನಗೆ ಹೇಳಿದಳು, "ಅಜ್ಜಿ, ಮರ ತುಂಬಾ ಸುಸ್ತಾಗಿರುತ್ತೆ. ಗಾಳಿಗಿಡಬೇಡ, ನೆತ್ತಿ ಬಿಸಿಲು ಬೇಡ, ಗೊಬ್ಬರ ಏನೂ ಬೇಡ. ಬೆಚ್ಚಗಿರ್ಬೇಕು." ಇದನ್ನು ನನಗೆ ಹೇಳಿಕೊಡಬೇಕೆ? ಮಗಳಿಗೆ, ಸೊಸೆಗೆ, ಓಣಿಯ ಎಷ್ಟೋ ಹೆಣ್ಣುಮಕ್ಕಳಿಗೆ ಬಾಣಂತನ ಮಾಡಿದ ಕೈ ಇದು. ಅವಳು ಗೇಟು ದಾಟುವುದೇ ತಡ, ಮರವನ್ನು ಒಳಗೆ ತಂದು ಮೂಲೆಗಿಟ್ಟೆ, ಕಿಟಕಿ ಮುಚ್ಚಿದೆ, ತಟ್ಟೆಯ ಅಂಚಿಗೆ ಕಾಡಿಗೆಯಲ್ಲಿ ದೃಷ್ಟಿಬೊಟ್ಟು ಇಟ್ಟೆ. ಬಾಡಿಗೆಯವರ ಮನೆಯಾಕೆ ನೋಡಲು ಬಂದರೆ ಬಾಗಿಲಲ್ಲೇ ನಿಲ್ಲಿಸಿದೆ. ಅಷ್ಟಕ್ಕೆ ಬಿಟ್ಟಿದ್ದರೆ ಸರಿಯಿತ್ತು. ಬಾಣಂತಿಗೆ ಮೈ ಗಟ್ಟಿಯಾಗುವುದು ಹೊಗೆಯಿಂದಲ್ಲವೇ? ಕೆಂಡದ ಮೇಲೆ ಸಾಂಬ್ರಾಣಿ, ಓಮದ ಕಾಳು, ಬೆಳ್ಳುಳ್ಳಿ ಸಿಪ್ಪೆ ಹಾಕಿ ಮರದ ಬುಡದ ಹತ್ತಿರ ಇಟ್ಟು, ಮೇಲೆ ದೊಡ್ಡ ಬುಟ್ಟಿ ಕವುಚಿದೆ. ಬುಟ್ಟಿಯ ಸಂದುಗಳಿಂದ ಘಮಘಮ ಹೊಗೆ ಬರುತ್ತಿದ್ದುದನ್ನು ನೋಡಿ ನನ್ನ ಕೆಲಸಕ್ಕೆ ನಾನೇ ತಲೆದೂಗಿದೆ. ಮಧ್ಯಾಹ್ನ ಇನ್ನೊಂದು ಸಲ, ಹೊತ್ತು ಇಳಿಯುವಾಗ ಮತ್ತೊಂದು ಸಲ.

ಸಂಜೆ ಭವ್ಯ ಮನೆಯೊಳಗೆ ಕಾಲಿಟ್ಟವಳೇ ಮೂಗು ಅರಳಿಸಿದಳು. "ಅಜ್ಜಿ, ಯಾರಿಗೆ ಹೆರಿಗೆ ಆಯ್ತು?"

ನಾನು ಹೆಮ್ಮೆಯಿಂದ ಮೂಲೆ ತೋರಿಸಿದೆ. ಅವಳು ಬುಟ್ಟಿ ಎತ್ತಿದಳು. ಸೂಜಿ ಎಲೆಗಳು ಅರಿಶಿನ ಹಚ್ಚಿದ ಹಾಗೆ ಹಳದಿಯಾಗಿದ್ದವು, ಕೈ ತಾಗಿದ ಕಡೆ ಜಳಜಳ ಉದುರಿದವು. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಕಿಟಕಿ ತೆಗೆದಳು, ಮರವನ್ನು ಜಗುಲಿಯ ನೆರಳಿಗೆ ತಂದಳು, ತಾತನ ಬಿಳಿ ಪಂಚೆಯನ್ನು ಪರದೆಯಾಗಿ ಕಟ್ಟಿದಳು, ತುಂತುರು ನೀರು ಹೊಡೆದು ಎಲೆಯ ಹೊಗೆ ತೊಳೆದಳು. ಆಮೇಲೆ ನನ್ನ ಪಕ್ಕ ಕೂತು, "ಮರ ಎಲೇಲಿ ಉಸಿರಾಡುತ್ತೆ ಅಜ್ಜಿ, ಅದಕ್ಕೆ ಹೊಗೆ ಆಗಲ್ಲ. ಮಿಕ್ಕಿದ್ದೆಲ್ಲ ನೀನು ಮಾಡಿದ್ದು ಸರಿ" ಅಂದಳು. ನನಗೆ ಸಮಾಧಾನ ಮಾಡುವಷ್ಟು ದೊಡ್ಡವಳು ಯಾವಾಗ ಆದಳೋ, ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಅಲ್ಲಿಂದ ಮುಂದೆ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ. ಯಜಮಾನರು ಮರದ ಕಡೆ ನೋಡುವುದಿಲ್ಲ ಅಂತ ಹಟ ಹಿಡಿದಿದ್ದರು, ಆದರೆ ಪೇಪರು ಓದುವ ಕುರ್ಚಿ ಮಾತ್ರ ದಿನಕ್ಕಿಷ್ಟು ಜಗುಲಿಯ ಆ ಮೂಲೆಗೆ ಸರಿಯುತ್ತಿತ್ತು. ಭವ್ಯ ಬೆಳಿಗ್ಗೆ ಸಂಜೆ ಉಗುರಿನಿಂದ ತೊಗಟೆಯನ್ನು ಇಷ್ಟೇ ಇಷ್ಟು ಕೆರೆದು, "ಒಳಗೆ ಹಸಿರಿದೆ" ಅನ್ನುವಳು. ಡಾಕ್ಟರು ನಾಡಿ ನೋಡಿ ಹೇಳಿದ ಹಾಗೆ ನಾವಿಬ್ಬರೂ ಅವಳ ಬಾಯಿ ನೋಡುತ್ತಿದ್ದೆವು. ಮುಂಗಾರಿಗೆ ಮುಂಚಿನ ಮಳೆ ಒಂದೆರಡು ಬಿದ್ದವು. ಒಂದು ಬೆಳಿಗ್ಗೆ ನಾನು ಅಂಗಳಕ್ಕೆ ನೀರು ಹಾಕುತ್ತಿದ್ದಾಗ ಯಜಮಾನರು ಕುರ್ಚಿಯಿಂದ, "ಇವಳೇ, ನನ್ ಕನ್ನಡಕ ತಗೊಂಡ್ ಬಾ" ಅಂದರು. ಕನ್ನಡಕ ಮೂಗಿನ ಮೇಲೇ ಇತ್ತು. ಹೇಳಿದರೆ, "ಹಂಗಾದ್ರೆ ಇದು ನಿಜಾನೇ ಕಣೆ" ಅಂದರು. ಬಾಗಿದ ಕೊಂಬೆಯ ತುದಿಯಲ್ಲಿ, ಎಳೆ ಮಗುವಿನ ರೆಪ್ಪೆಯಂತೆ, ನಾಲ್ಕು ಹಸಿರು ಎಳೆ.

ಆ ದಿನ ನಾನು ಬೀದಿಗೆಲ್ಲ ಸಕ್ಕರೆ ಹಂಚಿದೆ. ತರಕಾರಿ ಗಾಡಿಯವನನ್ನೂ ಬಿಡಲಿಲ್ಲ.

ದಸರಾ ಕಳೆದ ಮೇಲೆ ಇಂದಿರಾನಗರದ ಮೇಡಂ ತಮ್ಮ ಮನೆಯ ಅಂಗಳದಲ್ಲಿ ಕಲಿಯುವವರ ಮರಗಳನ್ನೆಲ್ಲ ಇಟ್ಟು ತೋರಿಸುವ ಏರ್ಪಾಡು ಮಾಡಿದರು. ನಾವು ಮೂವರೂ ಹೋದೆವು. ಆಲ, ಅರಳಿ, ಹುಣಸೆ, ಎಲ್ಲವೂ ತಟ್ಟೆಯಲ್ಲಿ. ಒಂದೊಂದೂ ಚಂದವೇ, ಸುಳ್ಳು ಯಾಕೆ ಹೇಳಲಿ. ಆದರೆ ಜನ ಬಂದು ಬಂದು ನಿಲ್ಲುತ್ತಿದ್ದುದು ನಮ್ಮ ಸರ್ವೆಯ ಮುಂದೆ. ಟೋಪಿ ಹಾಕಿದ ಒಬ್ಬ ಹಿರಿಯರು ಬಗ್ಗಿ ಬಗ್ಗಿ ನೋಡಿ, "ಎಷ್ಟು ಚೆನ್ನಾಗಿ ಬಾಗಿದೆ, ಗಾಳಿ ಕಣ್ಣಿಗೆ ಕಾಣುತ್ತೆ" ಅಂದರು. ನಾನು ಬಾಯಿ ತೆಗೆಯುವಷ್ಟರಲ್ಲಿ ನಮ್ಮ ಯಜಮಾನರು ನಡುವೆ ನುಗ್ಗಿ, "ನಮ್ ಮೊಮ್ಮಗಳು ಬಗ್ಗಿಸಿದ್ದು ಸಾರ್. ನೆಟ್ಟಗಿರೋ ಸರ್ವೆನ ಯಾರು ಬೇಕಾದ್ರೂ ಬೆಳೀತಾರೆ" ಅಂದರು. ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ಬಿಟ್ಟು ಮಿಕ್ಕಿದ್ದೆಲ್ಲ ನೋಡಿದರು.

ಸಂಜೆ ವಾಪಸಾಗುವಾಗ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮರ ನನ್ನ ಕೈಯಲ್ಲಿತ್ತು, ನಾನು ಮುಂದಿನ ಬಾಗಿಲಿಂದ ಹತ್ತಿದೆ, ಅವರಿಬ್ಬರೂ ಹಿಂದಿನಿಂದ. ಒಬ್ಬ ಹುಡುಗಿ ಎದ್ದು ನನಗೆ ಸೀಟು ಕೊಟ್ಟಳು. ನಾನು ಮರವನ್ನು ಸೀಟಿನ ಮೇಲೆ ಕೂರಿಸಿ, ಪಕ್ಕದ ಕಂಬಿ ಹಿಡಿದು ನಿಂತೆ.

"ಅಜ್ಜಿ, ನಿಮಗೆ ಅಂತ ಎದ್ದಿದ್ದು ನಾನು."

"ನಂಗೇನಾಗೈತೆ ತಾಯಿ, ನಾನು ಗಟ್ಟಿಯಾಗಿದೀನಿ. ಇದರ ಕಥೆ ಗೊತ್ತಾ ನಿಂಗೆ?"

ಗೊತ್ತಿಲ್ಲ ಅಂದಳು. ಹಾಗೆ ಅನ್ನಬಾರದಿತ್ತು. ನಾನು ತೋಪಿನಿಂದ ಶುರುಮಾಡಿದೆ. ಹಿಂದಿನಿಂದ ಭವ್ಯ ಎರಡು ಮೂರು ಸಲ ಅಜ್ಜಿ ಅಜ್ಜಿ ಅಂತ ಕರೆದಳು. ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ, ನಾಚಿಕೊಳ್ಳಬೇಡ ಅಂತ ಕೈ ಬೀಸಿ ಮುಂದುವರಿಸಿದೆ. ನಾನಿನ್ನೂ ಬೇರು ಬಾಚುವ ಕಡೆಗೆ ಬಂದಿದ್ದೆ, ಅಷ್ಟರಲ್ಲಿ ಕಂಡಕ್ಟರು ಸೀಟಿ ಊದಿ, "ಲಾಸ್ಟ್ ಸ್ಟಾಪು, ಎಲ್ಲಾ ಇಳೀರಿ" ಅಂದ. ನಮ್ಮ ಸ್ಟಾಪು ಹೋಗಿ ಯಾವ ಕಾಲವಾಗಿತ್ತೋ. ಆ ಹುಡುಗಿಯ ಸ್ಟಾಪೂ ಹೋಗಿತ್ತಂತೆ, ಪಾಪ. ಅವಳು ಕೆಳಗಿಳಿದು ಕತ್ತಲಾಗುತ್ತಿದ್ದ ರಸ್ತೆಯನ್ನು ಒಂದು ಸಲ ನೋಡಿದಳು, ನನ್ನನ್ನು ಒಂದು ಸಲ ನೋಡಿದಳು.

"ಆಮೇಲೆ ಚಿಗುರಿತಾ ಅಜ್ಜಿ?"

ಭವ್ಯ ಹಣೆ ಚಚ್ಚಿಕೊಂಡಳು. ನಾನು ಮರವನ್ನು ಯಜಮಾನರ ಕೈಗೆ ಕೊಟ್ಟು, ಆ ಹುಡುಗಿಯ ತೋಳು ಹಿಡಿದುಕೊಂಡು, "ಅವಸರ ಮಾಡಬೇಡ, ಇನ್ನೂ ತಂತಿ ಸುತ್ತೋದೈತೆ" ಅಂತ ನಡೆಯತೊಡಗಿದೆ.