ಎವಾಂಥಿಯಾ ಅವರಿಗಾಗಿ ಈ ಹಾಡು

ಅಥೆನ್ಸಿಗೆ ಹೊರಟ ಬೆಳಗಿನ ವಿಮಾನಕ್ಕೆ "ಎಡಕ್ಕೆ ತಿರುಗಿ" ಎಂದು ಅರ್ಗೀರಿಸ್ ಹೇಳಬೇಕು ಅನ್ನುವಷ್ಟರಲ್ಲಿ ಅವನ ಹೆಡ್‌ಫೋನಿನೊಳಗೆ ಕ್ಲಾರಿನೆಟ್ ವಾದ್ಯ ಶುರುವಾಯಿತು. ಅದರ ಹಿಂದೆಯೇ ಒಂದು ಮುದಿ ಗಂಟಲು ಕೆಮ್ಮಿ, ಸರಿಮಾಡಿಕೊಂಡು, "ಈ ಹಾಡು ಎವಾಂಥಿಯಾ ಅವರಿಗಾಗಿ. ಕಳಿಸಿದವರು, ನಿದ್ದೆಗೆಟ್ಟ ಒಬ್ಬ ಅಭಿಮಾನಿ" ಎಂದಿತು.

ಪೈಲಟ್ ನಕ್ಕುಬಿಟ್ಟ. "ಏನ್ ಸ್ವಾಮಿ, ಇವತ್ತಾದ್ರೂ ಎವಾಂಥಿಯಾ ಒಪ್ಪಿದ್ರಾ?"

"ಎಡಕ್ಕೆ ತಿರುಗಿ, ಗೆರೆ ಹತ್ರ ನಿಲ್ಲಿ," ಎಂದ ಅರ್ಗೀರಿಸ್. ಅವನ ಕಿವಿ ಕೆಂಡದ ಹಾಗೆ ಕೆಂಪಾಗಿತ್ತು.

ನೆಲದ ಮೇಲೆ ಓಡಾಡುವ ವಿಮಾನಗಳಿಗೆ ಗೋಪುರದಿಂದ ರೇಡಿಯೊದಲ್ಲಿ ದಾರಿ ಹೇಳುವುದು ಅವನ ಕೆಲಸ. ಕೆಲವು ದಿನಗಳಿಂದ ಆ ರೇಡಿಯೊದೊಳಗೆ ಊರಿನ ಯಾರದೋ ಕಳ್ಳ ಸ್ಟೇಷನ್ ನುಗ್ಗುತ್ತಿತ್ತು. ಆ ಊರಿಗೆ ಕಳ್ಳ ಸ್ಟೇಷನ್ ಹೊಸದೇನಲ್ಲ. ಅಲ್ಲಿನ ಗಂಡಸರೆಲ್ಲ ಒಂದಲ್ಲ ಒಂದು ಕಾಲದಲ್ಲಿ ತಂತಿ, ವಾಲ್ವು ಕೂಡಿಸಿ ಪೆಟ್ಟಿಗೆ ಕಟ್ಟಿ, ಮನಸ್ಸಿಗೆ ಬಂದವರ ಹೆಸರು ಹೇಳಿ ಹಾಡು ಹಾಕಿದವರೇ. ಗಂಡ ಊಟಕ್ಕೆ ಏಳದಿದ್ದಾಗ ಪೆಟ್ಟಿಗೆ ಆರಿಸಿ ಆರಿಸಿ ಹೆಂಡತಿಯರೂ ಅದರ ಮರ್ಮ ಕಲಿತಿದ್ದರು. ಈ ಪೆಟ್ಟಿಗೆಯ ರೋಗ ಮಾತ್ರ ಬೇರೆ. ಬಿಸಿಯೇರಿದರೆ ಸಾಕು, ರೇಡಿಯೊ ತರಂಗದಲ್ಲಿ ತನ್ನ ಜಾಗ ಬಿಟ್ಟು ವಿಮಾನದವರ ಜಾಗಕ್ಕೆ ಜಾರಿಕೊಳ್ಳುತ್ತಿತ್ತು.

ಈ ಎವಾಂಥಿಯಾ ಯಾರೆಂದು ಪೈಲಟ್ಟುಗಳು ತಲೆ ಕೆಡಿಸಿಕೊಂಡಿದ್ದರು. ಅರ್ಗೀರಿಸನಿಗೆ ಗೊತ್ತಿತ್ತು. ಆಕೆ ಅವನ ಹೆತ್ತ ತಾಯಿ. ಕೆಮ್ಮಿದ ಗಂಟಲು ಯಾರದೆಂಬುದೂ ಗೊತ್ತಿತ್ತು. ಬೀದಿಯ ತಿರುವಿನಲ್ಲಿ ಟೈರು ರಿಪೇರಿ ಮಾಡುವ ಮುದುಕ ಪಾಂಡೆಲಿಸನದು.

"ಸಂಜೆ ರೇಡಿಯೊ ಇಲಾಖೆಯಿಂದ ಅಧಿಕಾರಿ ಬರ್ತಾರಂತೆ ಕಣೋ," ಎಂದ ಪಕ್ಕದ ಕುರ್ಚಿಯ ಲಾಂಬಿಸ್. "ಅದೇನೋ ಯಂತ್ರ ಹಿಡ್ಕೊಂಡು ಮನೆಮನೆ ಹುಡುಕ್ತಾರಂತೆ. ಸಿಕ್ಕಿಬಿದ್ರೆ ಆ ಹೆಂಗಸಿನ ಹೆಸರೂ ಪೇಪರಲ್ಲಿ ಬರುತ್ತೆ. ಮಗ ಅಂತ ಯಾವನಾದ್ರೂ ಇದ್ರೆ ಪಾಪ, ಊರೇ ಬಿಡ್ಬೇಕು."

ಅರ್ಗೀರಿಸನೂ ನಗಬೇಕಾಯಿತು. 

ಮಧ್ಯಾಹ್ನ ಊರೆಲ್ಲ ಉಂಡು ಮಲಗುವ ಹೊತ್ತಿಗೆ ಅವನು ಟೈರಂಗಡಿಯ ಹಿಂಬಾಗಿಲಿಗೆ ಹೋದ.

"ಪಾಂಡೆಲಿಸ್ ಮಾಮ, ಇದೆಲ್ಲ ಏನಿದು? ಈ ವಯಸ್ಸಲ್ಲಿ!"

"ನಿಮ್ಮಮ್ಮ ಏನಂದ್ಲಪ್ಪ?" ಎಂದು ಮುದುಕ ಆಸೆಯಿಂದ ಕೇಳಿದ.

"ಏನೂ ಅಂದಿಲ್ಲ!"

"ನನಗೂ ಏನೂ ಅಂದಿಲ್ಲ ನೋಡು. ಬೇಡ ಅಂದಿದ್ರೆ ಆವತ್ತೇ ನಿಲ್ಲಿಸಿಬಿಡ್ತಿದ್ದೆ."

"ಮನೆಗೆ ಬಂದು ನೇರವಾಗಿ ಕೇಳಬಾರದಾ?"

"ನಾಚಿಕೆ ಆಗುತ್ತಪ್ಪ."

"ಊರಿಗೆಲ್ಲ ಕೇಳೋ ಹಾಗೆ ಹೇಳೋಕೆ ನಾಚಿಕೆ ಆಗಲ್ವಾ?"

"ಅಲ್ಲಿ ನನ್ನ ಮುಖ ಕಾಣಲ್ವಲ್ಲ."

ಅರ್ಗೀರಿಸ್ ವಾದ ಬಿಟ್ಟ. ಅಧಿಕಾರಿ ಬರುವ ಸುದ್ದಿ ಹೇಳಿ, ಜೈಲಿನ ಹೆದರಿಕೆ ಹುಟ್ಟಿಸಿ, ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೇರಿಸಿದ. ಪೆಟ್ಟಿಗೆ ಮನೆ ಸೇರಿದರೆ ಅಮ್ಮನ ಹೆಸರು ಉಳಿದ ಹಾಗೆ, ಅಮ್ಮನದು ಉಳಿದರೆ ತನ್ನದೂ ಉಳಿದ ಹಾಗೆ ಎಂಬುದು ಅವನ ಲೆಕ್ಕ.

ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಆದರೆ ಎದುರುಮನೆಯ ಬಾಲ್ಕನಿಯಲ್ಲಿ ದೋಮ್ನಾ ಇದ್ದಳು. ಊರು ಮಲಗಿದಾಗ ಏನಾಗುತ್ತದೆಂದು ನೋಡುವುದಕ್ಕಾಗಿಯೇ ಅವಳು ಎದ್ದಿರುತ್ತಿದ್ದಳು.

"ಅದೇನೋ ಅರ್ಗೀರಿಸ್, ಹೆಣ ಹೊತ್ತ ಹಾಗೆ ಹೊತ್ಕೊಂಡು ಹೋಗ್ತಿದೀಯ?"

"ಹೊಲಿಗೆ ಮಷೀನು, ಅಮ್ಮನಿಗೆ."

"ಸೂಜಿಗೆ ದಾರ ಪೋಣಿಸೋಕೆ ನನ್ನ ಕರೀತಾಳೆ, ಅವಳಿಗೆ ಮಷೀನಾ?" ದೋಮ್ನಾ ಬಾಲ್ಕನಿಯಿಂದ ಅರ್ಧ ಕೆಳಗೆ ಬಾಗಿದಳು. "ಅದಕ್ಕೆ ತಂತಿ ಯಾಕೋ ನೇತಾಡ್ತಿದೆ?"

ಅರ್ಗೀರಿಸ್ ಓಟ ಕಿತ್ತ. ಅಮ್ಮ ಮಲಗಿದ್ದಳು. ಸದ್ದಾಗದಂತೆ ಪೆಟ್ಟಿಗೆಯನ್ನು ಅವಳ ಮಂಚದ ಕೆಳಗೆ ತಳ್ಳಿದ. ಸರ್ಕಾರ ಎಲ್ಲಿ ಹುಡುಕಿದರೂ ವಿಧವೆಯ ಮಂಚದ ಕೆಳಗೆ ಹುಡುಕಲಾರದು ಎಂದು ತನ್ನ ಜಾಣತನವನ್ನು ತಾನೇ ಮೆಚ್ಚಿಕೊಂಡು ಗೋಪುರಕ್ಕೆ ಮರಳಿದ.

ಸಂಜೆ ಅಧಿಕಾರಿ ಬಂದ. ಬಿಗಿಮುಖದ ಆಸಾಮಿ, ಕೈಯಲ್ಲಿ ದೊಡ್ಡ ಸೂಟ್‌ಕೇಸು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬಹಳ ಹೊತ್ತು ಕೂತ. ರೇಡಿಯೊ ಮಲಗಿದ ಮಗುವಿನ ಹಾಗೆ ತೆಪ್ಪಗಿತ್ತು. ಕೆಳಗೆ ವಿಮಾನಗಳು ಒಂದರ ಹಿಂದೊಂದು ಸಲೀಸಾಗಿ ಸಾಗಿದವು.

"ಹೆದರಿ ನಿಲ್ಲಿಸಿರಬೇಕು ಸರ್," ಎಂದ ಅರ್ಗೀರಿಸ್. ಬಹಳ ದಿನಗಳ ಮೇಲೆ ಅವನ ಭುಜ ಹಗುರಾಗಿತ್ತು.

ಅಧಿಕಾರಿ ಏಳುವುದರಲ್ಲಿದ್ದ. ಅಷ್ಟರಲ್ಲಿ ರೇಡಿಯೊದಲ್ಲಿ ಟಕ್ ಎಂದು ಸದ್ದಾಯಿತು. ಯಾರೋ ಉಸಿರಾಡಿದರು.

"ದೋಮ್ನಾ, ದೀಪ ಹತ್ಕೊಂತು ಕಣೆ, ಪೆಟ್ಟಿಗೆ ಆಗಲೇ ಬಿಸಿ ಆಗಿದೆ. ಮಾತಾಡ್ಲಾ?"

"ಮಾತಾಡೇ, ತಂತೀನ ಬಟ್ಟೆ ಒಣಹಾಕೋ ಕಂಬಿಗೆ ಕಟ್ಟಿದೀನಿ. ಗಟ್ಟಿಯಾಗಿ ಮಾತಾಡು!"

ಅರ್ಗೀರಿಸನಿಗೆ ಅಮ್ಮನ ದನಿ ಗುರುತು ಸಿಕ್ಕಿತು.

"ಪಾಂಡೆಲಿಸ್, ನಾನು ಎವಾಂಥಿಯಾ. ನಿಮ್ಮ ಹಾಡುಗಳೆಲ್ಲ ಕೇಳಿಸ್ಕೊಂಡೆ. ಮಗ ಏನಂದುಕೋತಾನೋ ಅಂತ ಬಾಯಿ ಮುಚ್ಕೊಂಡಿದ್ದೆ. ಇವತ್ತು ಅವನೇ ನಿಮ್ಮ ಪೆಟ್ಟಿಗೆ ಹೊತ್ತು ತಂದು ನನ್ನ ಮಂಚದ ಕೆಳಗೆ ಇಟ್ಟು ಹೋಗಿದಾನೆ, ಅಮ್ಮ ಉತ್ತರ ಕೊಡ್ಲಿ ಅಂತ. ಬಾಯಿಬಿಟ್ಟು ಹೇಳೋನಲ್ಲ, ಸಂಕೋಚದ ಹುಡುಗ. ಅರ್ಗೀರಿಸ್ ಅಂತ, ಏರ್‌ಪೋರ್ಟ್ ಗೋಪುರದಲ್ಲಿ ಕೆಲಸ. ಇಂಥ ಮಗನ್ನ ಹೆರೋಕೆ ಪುಣ್ಯ ಮಾಡಿರ್ಬೇಕು."

ಅವಳು ಗುಂಡಿ ಒತ್ತಿ ಹಿಡಿದೇ ಇದ್ದಳು. ಕೆಳಗೆ ವಿಮಾನಗಳೆಲ್ಲ ಇದ್ದಲ್ಲೇ ನಿಂತಿದ್ದವು. ಯಾರಿಗೂ ಯಾರೂ ದಾರಿ ಹೇಳುವ ಹಾಗಿರಲಿಲ್ಲ. ಲಾಂಬಿಸ್ ಬಾಯಿ ತೆರೆದು ನೋಡುತ್ತಿದ್ದ. ಅರ್ಗೀರಿಸನಿಗೆ ಬೆಳಗಿನಿಂದ ಇದ್ದದ್ದು ಅಮ್ಮನ ಬಗ್ಗೆ ನಾಚಿಕೆ. ಈಗ ತನ್ನ ಬಗ್ಗೆಯೇ ನಾಚಿಕೆಯಾಯಿತು. ಅವಳು ಹೊಗಳುತ್ತಿದ್ದ ಆ ಮಗ ತಾನಾಗಿರಲಿಲ್ಲ. ಅಲ್ಲವೆಂದು ಹೇಳುವ ಹಾಗೂ ಇರಲಿಲ್ಲ.

"ಭಾನುವಾರ ಊಟಕ್ಕೆ ಬನ್ನಿ ಪಾಂಡೆಲಿಸ್," ಎಂದಿತು ರೇಡಿಯೊ. "ಬ್ರೆಡ್ಡಂಗಡಿ ಮೇಲಿನ ಮಹಡಿ, ಹಸಿರು ಬಾಗಿಲು. ಬೆಲ್ ಕೆಟ್ಟಿದೆ, ಬಾಗಿಲು ತಟ್ಟಿ."

ಅಧಿಕಾರಿ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಹುಡುಕುವ ಯಂತ್ರವಿದ್ದ ಸೂಟ್‌ಕೇಸನ್ನು ಬಿಚ್ಚದೆಯೇ ಕೈಗೆತ್ತಿಕೊಂಡು, ಅರ್ಗೀರಿಸನ ಹೆಗಲ ಮೇಲೆ ಕೈ ಹಾಕಿದ.

"ಭಾನುವಾರದ ತನಕ ನನಗೆ ಕಾಯೋಕಾಗಲ್ಲಪ್ಪ. ನಡಿ, ಬಾಗಿಲು ನೀನೇ ತಟ್ಟುವಿಯಂತೆ."